ಡಾಕ್ಟರ್ ಶಾಪುಗಳಿದ್ದ ಕಟ್ಟಡ ಹೋಟೆಲಾದ ಬಗೆ

ಪ್ರಶ್ನೆ: ಷಿಕಾಗೊದ ರಿಲಯನ್ಸ್ ಬಿಲ್ಡಿಂಗ್ ಈಗ ಹೋಟೆಲು. ಅದರ ನೆಲಮಹಡಿ 1891ರದು, ಮೇಲಿನ ಅಂತಸ್ತುಗಳು 1895ರವು ಎಂದು ಓದಿದೆ. ಒಂದೇ ಕಟ್ಟಡಕ್ಕೆ ಎರಡು ವಯಸ್ಸು ಹೇಗೆ? ಆಫೀಸಿಗೆಂದು ಕಟ್ಟಿದ್ದು ವಸತಿಗೆ ಹೇಗೆ ಒಗ್ಗಿತು?

ಉತ್ತರ: ಎರಡು ವಯಸ್ಸಿಗೆ ಕಾರಣ ಬಾಡಿಗೆ ಕರಾರು. ಮಾಲೀಕ ವಿಲಿಯಂ ಹೇಲ್ ಲಿಫ್ಟ್ ತಯಾರಿಸುತ್ತಿದ್ದವನು. ಎತ್ತರದ ಕಟ್ಟಡದ ಮೇಲೆ ಅವನಿಗೆ ಕಣ್ಣಿದ್ದುದು ಸಹಜವೇ. ಆ ಜಾಗದಲ್ಲಿದ್ದ ಹಳೆಯ ಕಟ್ಟಡದ ಮೇಲ್ಮಹಡಿಯವರ ಕರಾರು 1894ರವರೆಗೆ ಇತ್ತು, ಎಬ್ಬಿಸುವಂತಿರಲಿಲ್ಲ. ಹಾಗಾಗಿ ಮೇಲಿನ ಅಂತಸ್ತುಗಳನ್ನು ಜಾಕುಗಳ ಮೇಲೆ ನಿಲ್ಲಿಸಿ, ಕೆಳಭಾಗ ಕೆಡವಿ, ಹೊಸ ಪಾಯ ಹಾಕಿ ನೆಲಮಹಡಿ ಕಟ್ಟಿದರು. ವಿನ್ಯಾಸಕ ಜಾನ್ ರೂಟ್ 1891ರ ಜನವರಿಯಲ್ಲೇ ತೀರಿಕೊಂಡ. ಕರಾರು ಮುಗಿದ ಮೇಲೆ ರೂಟ್‌ನ ಪಾಲುದಾರನಾಗಿದ್ದ ವಾಸ್ತುಶಿಲ್ಪಿ ಡೇನಿಯಲ್ ಬರ್ನ್‌ಹ್ಯಾಮ್ ಕಚೇರಿಯ ಚಾರ್ಲ್ಸ್ ಆಟ್‌ವುಡ್ ಉಳಿದದ್ದನ್ನು ರೂಪಿಸಿದ.

ಮೇಲಿನ 10 ಅಂತಸ್ತುಗಳ ಉಕ್ಕಿನ ಚೌಕಟ್ಟು ನಿಂತದ್ದು 15 ದಿನಗಳಲ್ಲಿ. ಒಂದೊಂದು ಕಂಬವೂ ಎರಡು ಅಂತಸ್ತಿನುದ್ದ; ಅಕ್ಕಪಕ್ಕದ ಕಂಬಗಳ ಜೋಡಣೆ ಒಂದೇ ಮಟ್ಟಕ್ಕೆ ಬಾರದಂತೆ ಏರುಪೇರಾಗಿ ಇಟ್ಟರು. ಎಲ್ಲ ಜೋಡಣೆಯೂ ಒಂದೇ ಮಹಡಿಯಲ್ಲಿದ್ದರೆ ಗಾಳಿಯ ಹೊಡೆತಕ್ಕೆ ಚೌಕಟ್ಟು ಅಲ್ಲೇ ಸಡಿಲಾಗುತ್ತದೆ.

ಭಾರವನ್ನೆಲ್ಲ ಉಕ್ಕೇ ಹೊರುವುದರಿಂದ ಗೋಡೆಯ ಜಾಗವೆಲ್ಲ ಗಾಜಿಗೆ ಸಿಕ್ಕಿತು: ನಡುವೆ ತೆರೆಯದ ದೊಡ್ಡ ಗಾಜು, ಎರಡೂ ಪಕ್ಕ ತೆರೆಯುವ ಕಿರಿದಾದ ಕಿಟಕಿ. ಡಾಕ್ಟರು, ದಂತವೈದ್ಯರು ಬಂದದ್ದು ಈ ಬೆಳಕಿಗಾಗಿ. ಕಟ್ಟಡದ ಅಗಲವೂ ಕಡಿಮೆ, ಹಾಗಾಗಿ ಕಿಟಕಿಯಿಲ್ಲದ ಒಳಕೋಣೆಗಳ ಕಾಟವಿಲ್ಲ. ಹಳೆ ಆಫೀಸುಗಳನ್ನು ಹೋಟೆಲು ಮಾಡುವಾಗ ಮೊದಲು ಕೈಕೊಡುವುದೇ ಈ ಒಳಕೋಣೆಗಳು.

ಕಷ್ಟ ಕೊಟ್ಟದ್ದು ಹೊರಮೈಯ ಬಿಳಿ ಟೆರಾಕೋಟಾ, ಅಂದರೆ ಸುಟ್ಟ ಮಣ್ಣಿನ ಬಿಲ್ಲೆಗಳು. ಮಳೆ ಬಿದ್ದರೆ ಮಸಿ ತೊಳೆದುಹೋಗುತ್ತದೆಂದು ನಂಬಿ ಹೊಳಪಿನ ಲೇಪವಿರುವ ಬಿಲ್ಲೆ ಹಾಕಿದ್ದರು. ಲೇಪ ಸಣ್ಣಗೆ ಬಿರಿದರೆ, ಸಂದಿನ ಗಾರೆ ಉದುರಿದರೆ ನೀರು ಒಳಗಿಳಿಯುತ್ತದೆ. ಬಿಲ್ಲೆಯನ್ನು ಹಿಡಿದ ಕಬ್ಬಿಣದ ಕೊಕ್ಕೆ ತುಕ್ಕು ಹಿಡಿದು ಊದಿ, ಬಿಲ್ಲೆಯನ್ನು ಒಳಗಿನಿಂದಲೇ ಸೀಳುತ್ತದೆ. ಹೊರಗಿನಿಂದ ಸಂದಿಗೆ ಸೀಲಂಟ್ (ನೀರು ತಡೆಯುವ ಅಂಟು) ಬಳಿದರೆ ಒಳಸೇರಿದ ನೀರು ಹೊರಬರಲಾಗದೆ ಇನ್ನಷ್ಟು ಹಾಳು. ಸರಿಯಾದ ದಾರಿ ಬಿಲ್ಲೆ ಬಿಚ್ಚಿ, ತುಕ್ಕು ಕೆರೆದು, ಸ್ಟೇನ್‌ಲೆಸ್ ಸ್ಟೀಲಿನ ಕೊಕ್ಕೆ ಹಾಕುವುದು. ಹೊಸ ಬಿಲ್ಲೆಯ ಅಚ್ಚು ಮೂಲಕ್ಕಿಂತ ತುಸು ದೊಡ್ಡದಿರಬೇಕು. ಮಣ್ಣು ಒಣಗುವಾಗಲೂ ಸುಡುವಾಗಲೂ ಕುಗ್ಗುತ್ತದೆ.

1994ರಲ್ಲಿ ನಗರಾಡಳಿತವೇ ಕಟ್ಟಡ ಕೊಂಡು ಹೊರಮೈ ರಿಪೇರಿ ಮಾಡಿಸಿತು. 1999ರಲ್ಲಿ 122 ಕೋಣೆಗಳ ಹೋಟೆಲ್ ಬರ್ನ್‌ಹ್ಯಾಮ್ ತೆರೆಯಿತು; ಹೆಸರು ಆಮೇಲೆ ಬದಲಾಗಿದೆ.