ಗ್ಯಾಸಿನ ಮಾತ್ರೆಗೂ ಒಂದು ಹೊತ್ತಿದೆ

ಪ್ರಶ್ನೆ: ನನಗೆ 52 ವರ್ಷ. ನಾಲ್ಕು ತಿಂಗಳ ಹಿಂದೆ ಮಂಗಳೂರಿನಲ್ಲಿ ಕೀಹೋಲ್ ಆಪರೇಷನ್ ಮಾಡಿ, ಕಲ್ಲು ತುಂಬಿದ್ದ ಪಿತ್ತಕೋಶ ತೆಗೆದರು. ದಿನಾ ತಿಂಡಿ, ಕಾಫಿ ಆದ ಮೇಲೆ ಪ್ಯಾಂಟೊಪ್ರಜೋಲ್ 40 ನುಂಗುತ್ತೇನೆ. ಆದರೂ ರಾತ್ರಿ ಮಲಗಿದರೆ ಎದೆಯುರಿ, ಹುಳಿತೇಗು. ಆಮ್ಲ ತಣಿಸುವ ಜೆಲ್ (ಆಂಟಾಸಿಡ್) ಕುಡಿದರೆ ಒಂದು ಗಂಟೆ ಆರಾಮ. ಥೈರಾಯ್ಡ್ ಮಾತ್ರೆಯೂ ಇದೆ. ಡೋಸ್ ಹೆಚ್ಚಿಸಬೇಕೇ?
— ಓದುಗರು, ಬದಿಯಡ್ಕ

ಉತ್ತರ: ಡೋಸಿನ ಮಾತು ಆಮೇಲೆ, ಮೊದಲು ಗಡಿಯಾರ ನೋಡಿ. ಜಠರದಲ್ಲಿ ಆಗಲೇ ಇರುವ ಆಮ್ಲವನ್ನು ಈ ಮಾತ್ರೆ ಮುಟ್ಟುವುದಿಲ್ಲ. ಆಮ್ಲ ಸುರಿಸುವ ಪಂಪುಗಳನ್ನು ಮುಚ್ಚುತ್ತದೆ, ಅದೂ ಓಡುತ್ತಿರುವವನ್ನು ಮಾತ್ರ. ಅವು ಚುರುಕಾಗುವುದು ಹೊಟ್ಟೆಗೆ ಆಹಾರ ಬಿದ್ದಾಗ. ಮದ್ದು ರಕ್ತದಲ್ಲಿ ನಿಲ್ಲುವುದೋ ಕೆಲವೇ ಗಂಟೆ. ಹಾಗಾಗಿ ಆಹಾರಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಿದರೆ ಎರಡಕ್ಕೂ ಹೊತ್ತು ಕೂಡಿಬರುತ್ತದೆ. ಚೀಟಿಯಲ್ಲಿ 1-0-0 (ಬೆಳಿಗ್ಗೆ ಮಾತ್ರ ಒಂದು) ಪಕ್ಕದಲ್ಲಿ ‘ಎ.ಸಿ.’ ಎಂದಿದ್ದರೆ ಅರ್ಥವೇ ಅದು, ಊಟಕ್ಕೆ ಮುನ್ನ.

ನಿಮಗೆ ರಾತ್ರಿಯೇ ಉರಿ. ಅದೇ ಒಂದು ಮಾತ್ರೆಯನ್ನು ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲಿಗೆ ಬದಲಿಸಬಹುದೇ ಎಂದು ಡಾಕ್ಟರಲ್ಲಿ ಕೇಳಿ. ಪೂರ್ತಿ ಗುಣ ಕಾಣಲು ನಾಲ್ಕೈದು ದಿನ ಬೇಕು. ಮಾತ್ರೆಯನ್ನು ಪುಡಿಮಾಡಬೇಡಿ, ಮೇಲಿನ ಲೇಪ ಒಡೆದರೆ ಜಠರದ ಆಮ್ಲವೇ ಮದ್ದನ್ನು ಕೆಡಿಸುತ್ತದೆ. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ. ದಿಂಬಿನ ಮೇಲೆ ದಿಂಬು ಇಟ್ಟರೆ ಹೊಟ್ಟೆ ಮಡಚಿ ಇನ್ನಷ್ಟು ಒತ್ತುತ್ತದೆ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಆರೇಳು ಇಂಚಿನ ಮರದ ತುಂಡು ಕೊಡಿ.

ನಿಮ್ಮ ಥೈರಾಯ್ಡ್ ಮಾತ್ರೆ, ಅಂದರೆ ಥೈರಾಕ್ಸಿನ್, ಬೆಳಿಗ್ಗೆ ಬರಿಹೊಟ್ಟೆಗೆ, ನೀರಿನಲ್ಲಿ. ಕಾಫಿ, ತಿಂಡಿ ಒಂದು ಗಂಟೆ ಬಿಟ್ಟು. ಜೆಲ್ಲಿಗೂ ಅದಕ್ಕೂ ನಾಲ್ಕು ಗಂಟೆ ದೂರ ಬೇಕು, ಇಲ್ಲವಾದರೆ ಜೆಲ್ಲಿನ ಅಲ್ಯುಮಿನಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ಯಾಂಟೊಪ್ರಜೋಲಿನ ಕತೆ ಬೇರೆ. ಅದು ಆಮ್ಲವನ್ನೇ ತಗ್ಗಿಸುವುದರಿಂದ, ಎಷ್ಟು ಅಂತರ ಬಿಟ್ಟರೂ ಥೈರಾಕ್ಸಿನ್ ಸ್ವಲ್ಪ ಕಡಿಮೆ ಹೀರಲ್ಪಡಬಹುದು. ಪ್ಯಾಂಟೊಪ್ರಜೋಲ್ ಶುರುವಾಗಿ ಆರೆಂಟು ವಾರವಾದ ಮೇಲೆ ಒಂದು ಸಲ ಟಿ.ಎಸ್.ಎಚ್. (ಥೈರಾಯ್ಡಿನ ರಕ್ತಪರೀಕ್ಷೆ) ನೋಡಿಸಿ.

ಇಷ್ಟೆಲ್ಲ ಸರಿಮಾಡಿಯೂ ಉರಿ ಹೋಗದೆ, ಬಾಯಿ ಕಹಿಯಾಗಿ ಹಳದಿ ನೀರು ಬಂದರೆ ಅದು ಆಮ್ಲವಲ್ಲದೆ ಪಿತ್ತರಸವಿದ್ದೀತು. ಪಿತ್ತಕೋಶ ಹೋದರೂ ಯಕೃತ್ತು ಪಿತ್ತರಸ ಮಾಡುವುದನ್ನು ನಿಲ್ಲಿಸುವುದಿಲ್ಲ. ಕೂಡಿಡುವ ಚೀಲ ಇಲ್ಲದ್ದರಿಂದ ಅದು ಕರುಳಿಗೆ ಜಿನುಗುತ್ತಲೇ ಇರುತ್ತದೆ, ಕೆಲವರಲ್ಲಿ ಹಿಂದಕ್ಕೂ ಬರುತ್ತದೆ. ಆಮ್ಲದ ಮಾತ್ರೆ ಎರಡಾದರೂ ಅದಕ್ಕೆ ತಡೆಯಿಲ್ಲ. ಸುಕ್ರಾಲ್ಫೇಟ್‌ನಂಥ ಬೇರೆ ಮದ್ದನ್ನು ಡಾಕ್ಟರು ನಿರ್ಧರಿಸಬೇಕು. ಮೆಡಿಕಲಿನಲ್ಲಿ ‘ಗ್ಯಾಸಿಗೆ’ ಎಂದು ಕೇಳಿದರೆ ಡೊಂಪೆರಿಡೋನ್ (ವಾಂತಿ ತಡೆಯುವ ಮದ್ದು) ಬೆರೆತ ಕ್ಯಾಪ್ಸೂಲ್ ಕೊಡುವುದುಂಟು. ಅದನ್ನು ತಿಂಗಳುಗಟ್ಟಲೆ ನುಂಗುವಂತಿಲ್ಲ. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್, ಫ್ಲುಕೊನಜೋಲ್ ಎಂಬ ಶಿಲೀಂಧ್ರದ ಮದ್ದು, ಇವುಗಳ ಜೊತೆ ಸೇರಿದರೆ ಹೃದಯದ ಬಡಿತ ತಪ್ಪಬಹುದು.

ಕಣ್ಣು ಹಳದಿ, ಚಳಿಜ್ವರ, ಟಾರಿನಂಥ ಕಪ್ಪು ಮಲ, ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ಇವುಗಳಲ್ಲಿ ಒಂದಿದ್ದರೂ ಜೆಲ್ ಕುಡಿದು ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಎದೆ ಬಿಗಿದು, ಬೆವರಿ, ನೋವು ಕೈಗೆ ಇಳಿದರೆ ಮೊದಲು ಇ.ಸಿ.ಜಿ.

ಪ್ರಶ್ನೆ: ಅಪ್ಪನಿಗೆ 68. ಎರಡು ವರ್ಷದ ಹಿಂದೆ ಜಠರದ ಕೆಳಭಾಗ ತೆಗೆದಿದ್ದಾರೆ. ಗಂಜಿ ಉಂಡು ಇಪ್ಪತ್ತು ನಿಮಿಷಕ್ಕೆ ಬೆವರು, ಎದೆ ಡವಡವ, ಹೊಟ್ಟೆ ನುಲಿತ. ಅಜೀರ್ಣವೆಂದು ಜೆಲ್ ಕೊಡುತ್ತಿದ್ದೇವೆ.
— ಓದುಗರು, ಮಂಜೇಶ್ವರ

ಉತ್ತರ: ನೀವು ಬರೆದ ಲಕ್ಷಣಗಳು ಅಜೀರ್ಣಕ್ಕಿಂತ ‘ಡಂಪಿಂಗ್’ಗೆ ಹೊಂದುತ್ತವೆ. ಅನ್ನವನ್ನು ಹಿಡಿದು ಸ್ವಲ್ಪ ಸ್ವಲ್ಪವೇ ಬಿಡುವ ಬಾಗಿಲು ಹೋಗಿರುವುದರಿಂದ ಉಂಡದ್ದೆಲ್ಲ ಒಮ್ಮೆಲೇ ಕರುಳಿಗೆ ಬೀಳುತ್ತದೆ. ಜೆಲ್ಲಿಗೆ ಇಲ್ಲಿ ಕೆಲಸವಿಲ್ಲ. ಕುಚ್ಚಿಲಕ್ಕಿ ಗಂಜಿಯ ತಿಳಿ ಬಸಿದು ಅನ್ನವನ್ನಷ್ಟೇ ಕೊಡಿ. ತಿಳಿ, ನೀರು, ಮಜ್ಜಿಗೆ ಅರ್ಧ ಗಂಟೆ ಬಿಟ್ಟು. ಮೂರು ಊಟದ ಬದಲು ಆರು ಸಣ್ಣ ಊಟ, ಪ್ರತಿ ಸಲವೂ ಹೆಸರುಕಾಳು, ಮೊಟ್ಟೆ ಅಥವಾ ಮೀನು ಸ್ವಲ್ಪವಾದರೂ ಇರಲಿ. ಪಾಯಸ, ಬೆಲ್ಲದ ನೀರು ಬೇಡ. ಊಟವಾಗಿ ಎರಡು ಮೂರು ಗಂಟೆಗೆ ನಡುಕ ಬಂದರೆ ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿ, ಇಳಿದಿರುವ ಸಂಭವವಿದೆ. ಬಿ12, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ ಎಷ್ಟು ಕಾಲವಾಯಿತು? ಕಬ್ಬಿಣದ ಮಾತ್ರೆ ಇದ್ದರೆ ಅದನ್ನು ಜೆಲ್ ಜೊತೆ ಕೊಟ್ಟದ್ದು ವ್ಯರ್ಥ.

ಪ್ರಶ್ನೆ: ಪಿತ್ತಕೋಶ ತೆಗೆದವರು ಪುನರ್ಪುಳಿ ಸಾರು ಕುಡಿಯಬಹುದೇ? ಪಿತ್ತಕ್ಕೆ ಒಳ್ಳೆಯದಂತೆ.
— ಓದುಗರು, ಪೆರ್ಲ

ಉತ್ತರ: ಮನೆಮದ್ದಿನ ‘ಪಿತ್ತ’ವೂ ಯಕೃತ್ತಿನ ಪಿತ್ತರಸವೂ ಒಂದೇ ಅಲ್ಲ. ಪುನರ್ಪುಳಿ ಹುಳಿಯೇ, ಎದೆಯುರಿ ಇರುವಾಗ ಬರಿಹೊಟ್ಟೆಗೆ ಬೇಡ. ಉರಿ ಇಲ್ಲದವರು ಊಟದ ಜೊತೆ ತೆಳ್ಳಗೆ ಮಾಡಿ ಕುಡಿಯಲಿ. ಒಗ್ಗರಣೆಗೆ ತೆಂಗಿನೆಣ್ಣೆ ಒಂದು ಚಮಚ ಸಾಕು.