ಇದ್ದಿಲಿನಂಥ ಕಪ್ಪು ಕ್ಷುದ್ರಗ್ರಹ ಮಟಿಲ್ಡಾ ಚಿತ್ರದಲ್ಲಿ ಬೂದು ಕಾಣುವುದೇಕೆ? ಅದರ ಗಾತ್ರ, ತೂಕ ಅಳೆದದ್ದು ಹೇಗೆ?

ಬೂದು ಬಣ್ಣ ಕ್ಯಾಮೆರಾದ ಕೆಲಸ. 253 ಮಟಿಲ್ಡಾ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹಿಂದಕ್ಕೆ ಕೊಡುವುದು ಶೇ. 4ರಷ್ಟು ಮಾತ್ರ. ಕತ್ತಲ ಕೋಣೆಯಲ್ಲಿ ಇದ್ದಿಲಿನ ತುಂಡಿಗೆ ಟಾರ್ಚ್ ಬಿಟ್ಟು ನೋಡಿ, ಅದೂ ಬೆಳ್ಳಗೇ ಕಾಣುತ್ತದೆ. ಪಕ್ಕದಲ್ಲಿ ಬಿಳಿ ಹಾಳೆ ಇಟ್ಟ ಕೂಡಲೇ ನಿಜಬಣ್ಣ ಬಯಲಾಗುತ್ತದೆ. ಮಟಿಲ್ಡಾ ಪಕ್ಕ ಅಂಥ ಹಾಳೆ ಇಲ್ಲ. ಜೊತೆಗೆ ಕುಳಿಗಳು ಎದ್ದು ಕಾಣಲೆಂದು ಚಿತ್ರದ ಹೊಳಪನ್ನೂ ಹೆಚ್ಚಿಸಿರುತ್ತಾರೆ.

ಎಡವಟ್ಟಾಗುವುದು ಗಾತ್ರದ ಲೆಕ್ಕದಲ್ಲಿ. ದೂರದಿಂದ ಕಂಡ ಹೊಳಪಿನಿಂದ ವ್ಯಾಸವನ್ನು ಕಿ.ಮೀ.ಗಳಲ್ಲಿ ಅಂದಾಜಿಸಲು ಒಂದು ಸೂತ್ರವಿದೆ: 1329ನ್ನು ಪ್ರತಿಫಲನಾಂಕದ (ಬಿದ್ದ ಬೆಳಕಿನಲ್ಲಿ ಹಿಂದಿರುಗುವ ಪಾಲು) ವರ್ಗಮೂಲದಿಂದ ಭಾಗಿಸಿ. ಮಟಿಲ್ಡಾದ ನಿರಪೇಕ್ಷ ಕಾಂತಿಮಾನ (ನಿಗದಿತ ದೂರದಲ್ಲಿಟ್ಟರೆ ಕಾಣುವ ಹೊಳಪಿನ ಅಳತೆ) ಸುಮಾರು 10.3, ಐದರಿಂದ ಭಾಗಿಸಿದರೆ 2.06. ಹತ್ತರ ಮೈನಸ್ 2.06ನೇ ಘಾತ, ಅಂದರೆ 0.0087ರಿಂದ ಗುಣಿಸಿ. ಪ್ರತಿಫಲನಾಂಕ 0.044 ಎಂದರೆ ವ್ಯಾಸ 55 ಕಿ.ಮೀ. ಅದನ್ನೇ ಸಾಮಾನ್ಯ ಕಲ್ಲೆಂದುಕೊಂಡು 0.20 ಹಾಕಿದರೆ 26 ಕಿ.ಮೀ.! ವ್ಯಾಸ 55ರಿಂದ 26ಕ್ಕಿಳಿದರೆ ಘನಫಲ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಗಾತ್ರವನ್ನು ಹತ್ತಿರದಿಂದ ನೋಡಿ ಅಳೆದದ್ದು 1997ರ ಜೂನ್ 27ರಂದು. ನಾಸಾದ ನಿಯರ್ ನೌಕೆ 1,212 ಕಿ.ಮೀ. ದೂರದಲ್ಲಿ, ಸೆಕೆಂಡಿಗೆ ಸುಮಾರು 10 ಕಿ.ಮೀ. ವೇಗದಲ್ಲಿ ಹಾದುಹೋಯಿತು. ಸರಾಸರಿ ವ್ಯಾಸ 53 ಕಿ.ಮೀ. ಎಂದು ಚಿತ್ರಗಳು ತೋರಿಸಿದವು. ಮಟಿಲ್ಡಾ ಒಂದು ಸುತ್ತು ತಿರುಗಲು 17.4 ದಿನ ಬೇಕು, ಹಾಗಾಗಿ ಹಿಂಬದಿ ಕ್ಯಾಮೆರಾಕ್ಕೆ ಸಿಗಲೇ ಇಲ್ಲ. ತೂಕ ತಿಳಿದದ್ದು ರೇಡಿಯೊದಿಂದ: ಕ್ಷುದ್ರಗ್ರಹದ ಸೆಳೆತ ನೌಕೆಯ ವೇಗವನ್ನು ಒಂದಿಷ್ಟು ಬದಲಿಸಿತು, ನೌಕೆಯ ರೇಡಿಯೊ ಸಂಕೇತದ ಆವರ್ತನವೂ ಅದಕ್ಕೆ ತಕ್ಕಂತೆ ಸರಿಯಿತು. ಅದರಿಂದ ಬಂದ ಲೆಕ್ಕ ಸುಮಾರು 100 ಲಕ್ಷ ಕೋಟಿ ಟನ್.

ನನಗೆ ಕಪ್ಪಿಗಿಂತ ದೊಡ್ಡ ಅಚ್ಚರಿ ಇಲ್ಲಿದೆ. ತೂಕವನ್ನು ಘನಫಲದಿಂದ ಭಾಗಿಸಿದರೆ ಸಾಂದ್ರತೆ ಘನ ಸೆಂ.ಮೀ.ಗೆ 1.3 ಗ್ರಾಂ, ನೀರಿಗಿಂತ ತುಸು ಹೆಚ್ಚಷ್ಟೇ. ಇಂಥದೇ ಇಂಗಾಲಭರಿತ ಉಲ್ಕಾಶಿಲೆಗಳ ಸಾಂದ್ರತೆ ಸಾಮಾನ್ಯವಾಗಿ 2 ಗ್ರಾಂ ದಾಟುತ್ತದೆ. ಅಂದರೆ ಒಳಗೆ ಹೆಚ್ಚುಕಡಿಮೆ ಅರ್ಧದಷ್ಟು ಟೊಳ್ಳು. ಕರಗಿ, ಕಬ್ಬಿಣ ತಳಕ್ಕಿಳಿದು ಗಟ್ಟಿಯಾದ ಕಾಯವಲ್ಲ ಇದು. ‘ಆದಿಮ’, ಅಂದರೆ ಹುಟ್ಟಿದಾಗಿನಿಂದ ಹೆಚ್ಚು ಬದಲಾಗದ ಕಾಯ, ಎನ್ನುವುದು ಅದಕ್ಕೇ.

ಕುಳಿಗಳನ್ನು ನೋಡಿದರೆ ಈ ಟೊಳ್ಳುತನ ಇನ್ನೂ ಸ್ಪಷ್ಟ. (ಅವುಗಳಿಗೆ ಕಲ್ಲಿದ್ದಲು ಪ್ರದೇಶಗಳ ಹೆಸರಿಟ್ಟಿದ್ದಾರೆ, ನಮ್ಮ ದಾಮೋದರ್ ಕೂಡ ಇದೆ.) ಕರೂ ಎಂಬ ಕುಳಿ 33 ಕಿ.ಮೀ. ಅಗಲ. ಗಟ್ಟಿ ಬಂಡೆಯಾಗಿದ್ದರೆ ಅಂಥ ಹೊಡೆತಕ್ಕೆ ಒಡೆದೇ ಹೋಗಬಹುದಿತ್ತು, ಇಲ್ಲವೇ ಹಾರಿದ ಪುಡಿ ಅಕ್ಕಪಕ್ಕದ ಕುಳಿಗಳನ್ನು ಮುಚ್ಚುತ್ತಿತ್ತು. ಟೊಳ್ಳು ಕಾಯದಲ್ಲಿ ಹೊಡೆತ ಬಿದ್ದ ಜಾಗ ಒಳಕ್ಕೆ ಅದುಮಿಕೊಂಡು ಆಘಾತದ ಅಲೆಯನ್ನು ನುಂಗುತ್ತದೆ. ಹಾಗಾಗಿ ಪಕ್ಕದ ಕುಳಿಗಳ ಅಂಚು ಅಲುಗಾಡದೆ ಉಳಿದಿವೆ.