ಜೇನುನೊಣ ಬಿಟ್ಟು ಉಳಿದ ಹುಳುಗಳನ್ನೆಲ್ಲ ಕೊಂದರೆ ಬೆಳೆಗೆ ಒಳ್ಳೆಯದಲ್ಲವೇ?

ಒಳ್ಳೆಯದಲ್ಲ. ಪರಾಗಸ್ಪರ್ಶದ ಕೆಲಸವೊಂದನ್ನೇ ತೆಗೆದುಕೊಂಡರೂ ಜೇನುನೊಣ ಸಾಲದು. ಬದನೆ ಹೂವಿನ ಪರಾಗಕೋಶ ತುದಿಯಲ್ಲಿ ಸಣ್ಣ ರಂಧ್ರವಾಗಿ ಮಾತ್ರ ತೆರೆಯುತ್ತದೆ. ಬಡಗಿ ದುಂಬಿಯಂಥವು ಹೂವನ್ನು ಅಪ್ಪಿ ಹಿಡಿದು ಮೈ ಅದುರಿಸಿ ಗುಂಯ್‌ಗುಟ್ಟಿದಾಗಲೇ ಪರಾಗ ಸರಿಯಾಗಿ ಉದುರುವುದು. ಜೇನುನೊಣಕ್ಕೆ ಈ ವಿದ್ಯೆ ಬರುವುದಿಲ್ಲ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಯಾರು ಯಾರನ್ನು ತಿನ್ನುತ್ತಾರೆ ಎಂಬುದು. ಹೇನು ಹತ್ತಿದ ಎಲೆಯೊಂದನ್ನು ಮಗುಚಿ ನೋಡಿ. ಹಸಿರು ಹೇನುಗಳ ನಡುವೆ ಕೆಲವು ಉಬ್ಬಿಕೊಂಡು, ಕಂದುಬಣ್ಣಕ್ಕೆ ತಿರುಗಿ, ಅಲುಗಾಡದೆ ಅಂಟಿಕೊಂಡಿರುತ್ತವೆ. ಪುಟ್ಟ ಕಣಜವೊಂದು ಅವುಗಳೊಳಗೆ ಮೊಟ್ಟೆಯಿಟ್ಟು ಹೋಗಿದೆ. ಮರಿ ಒಳಗಿನಿಂದಲೇ ಹೇನನ್ನು ತಿಂದು ಮುಗಿಸಿದೆ. ದುಂಡನೆಯ ತೂತು ಕಂಡರೆ ಹೊಸ ಕಣಜ ಆಗಲೇ ಹೊರಬಿದ್ದಿದೆ ಎಂದರ್ಥ. ಪಕ್ಕದಲ್ಲಿ ಕಪ್ಪು ಮೈಗೆ ಕಿತ್ತಳೆ ಮಚ್ಚೆಯಿರುವ, ಮೊಸಳೆಮರಿಯಂಥ ಹುಳು ಹರಿದಾಡುತ್ತಿದ್ದರೆ ಹೊಸಕಬೇಡಿ. ಅದು ಗುಲಗಂಜಿ ಹುಳುವಿನ ಮರಿ, ಹೇನೇ ಅದರ ಊಟ.

ಔಷಧಿ ಹೊಡೆದರೆ ಇವೆಲ್ಲ ಒಟ್ಟಿಗೆ ಸಾಯುತ್ತವೆ, ಆದರೆ ಒಟ್ಟಿಗೆ ಮರಳುವುದಿಲ್ಲ. ಹೆಣ್ಣು ಹೇನು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತದೆ. ವಾರ ಹತ್ತು ದಿನದಲ್ಲಿ ಆ ಮರಿಗಳೂ ತಾಯಂದಿರು. ಅವನ್ನು ತಿನ್ನುವ ಹುಳುಗಳ ಸಂತಾನ ಅಷ್ಟು ಬೇಗ ಬೆಳೆಯುವುದಿಲ್ಲ. ಇಂಡೊನೇಷ್ಯಾದ ಭತ್ತದ ಗದ್ದೆಗಳಲ್ಲಿ ಕಂದು ಜಿಗಿಹುಳು ಹೀಗೆಯೇ ಸಿಂಪಡಣೆಯ ಬೆನ್ನಲ್ಲೇ ವಿಪರೀತ ಹೆಚ್ಚಿತು. ಕೊನೆಗೆ 1986ರಲ್ಲಿ ಅಲ್ಲಿನ ಸರ್ಕಾರ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಿತು.

ಬೆಳೆಗೆ ಉಪಕಾರವನ್ನೂ ಮಾಡದ, ಅಪಕಾರವನ್ನೂ ಮಾಡದ ಹುಳುಗಳ ಕಥೆ ಇನ್ನೂ ಸ್ವಾರಸ್ಯದ್ದು. ಜಾವಾದ ಗದ್ದೆಗಳಲ್ಲಿ ಕಂಡುಕೊಂಡಂತೆ, ನಾಟಿಯಾದ ಹೊಸದರಲ್ಲಿ ಜಿಗಿಹುಳು ವಿರಳ. ನೀರಿನಲ್ಲಿ ಕೊಳೆತದ್ದನ್ನು ತಿಂದು ಬೆಳೆಯುವ ಸಣ್ಣಪುಟ್ಟ ನೊಣಗಳೇ ಜಾಸ್ತಿ. ಜೇಡಗಳೂ (ಎಂಟು ಕಾಲಿನ ಇವು ಕೀಟಗಳಲ್ಲ, ಆದರೂ ಲೆಕ್ಕಕ್ಕೆ ಬೇಕು) ಬೇಟೆಯಾಡುವ ಕೀಟಗಳೂ ಆ ನೊಣಗಳನ್ನು ತಿಂದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ, ಜಿಗಿಹುಳು ಬರುವ ಹೊತ್ತಿಗೆ ಸಜ್ಜಾಗಿರುತ್ತವೆ.

ಆದ್ದರಿಂದ ನಾಟಿ ಮುಗಿಯುತ್ತಲೇ ಮುನ್ನೆಚ್ಚರಿಕೆಯ ಹೆಸರಿನಲ್ಲಿ ಹೊಡೆಯುವ ಔಷಧಿಯನ್ನು ನಾನು ಶುದ್ಧ ದಂಡವೆನ್ನುತ್ತೇನೆ. ಎಂದೂ ಹೊಡೆಯಲೇಬಾರದು ಎಂದು ಹಟ ಹಿಡಿಯುವವನಲ್ಲ. ಹತ್ತಾರು ಗಿಡಗಳಲ್ಲಿ ಪೀಡೆಯನ್ನೂ ಅದನ್ನು ತಿನ್ನುವವನ್ನೂ ಎಣಿಸಿ. ಆಗುವ ನಷ್ಟ ಸಿಂಪಡಣೆಯ ಖರ್ಚನ್ನು ಮೀರುವಂತಿದ್ದರೆ ಹೊಡೆಯಿರಿ. ಹೂ ಬಿಟ್ಟ ಸಮಯವನ್ನು ಮಾತ್ರ ಆದಷ್ಟು ತಪ್ಪಿಸಿ.